ಏರುವ ಮುನ್ನ ಇಳಿಯುವ ಜಾಗ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಜಾಜಿನಗರದ ನಮ್ಮ ಮನೆಯ ತಾರಸಿಯ ಮೇಲೆ ಸಂಡಿಗೆ ಇಟ್ಟು, ಕಾಗೆ ಕಾಯುವ ಕೆಲಸವನ್ನು ನನಗೆ ವಹಿಸಿದ್ದರು. ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಹುದ್ದೆಯನ್ನು ಮನೆಯಲ್ಲಿ ಯಾರು ಕೊಡುತ್ತಾರೆ? ಪಕ್ಕದ ಮನೆಯ ಹುಡುಗಿಯೂ ಪುಸ್ತಕ ಹಿಡಿದು ತಮ್ಮ ತಾರಸಿಗೆ ಬಂದಿದ್ದಳು. ಎರಡನೇ ಪಿಯುಸಿ ಮುಗಿದಿದೆ, ಸಿಇಟಿ ಎದುರಿಗಿದೆ. ಆದರೆ ಅವಳ ಕಣ್ಣು ಪುಸ್ತಕದ ಮೇಲಿರಲಿಲ್ಲ. ನೀರಿನ ಟ್ಯಾಂಕಿನ ಆಚೆ, ಕೈಗಾರಿಕಾ ಪ್ರದೇಶದ ತಗಡಿನ ಚಾವಣಿಗಳ ಮೇಲೆ ಒಂದು ಹದ್ದು ಸುತ್ತು ಹಾಕುತ್ತಿತ್ತು. ರೆಕ್ಕೆ ಬಡಿಯದೆ, ಅವಸರವಿಲ್ಲದೆ, ಸುತ್ತಿ ಸುತ್ತಿ ಐದು ನಿಮಿಷದಲ್ಲಿ ಚುಕ್ಕೆಯಾಗಿ ಹೋಯಿತು.

‘ಸಾರ್, ಎಂಜಿನ್ ಇಲ್ಲದ ವಿಮಾನದಲ್ಲಿ ಐನೂರು ಕಿಲೋಮೀಟರ್ ಹೋಗ್ತಾರಂತೆ, ಮರುಭೂಮಿ ಬೆಟ್ಟಗಳ ಮೇಲೆ. ನಿಜವಾ?’ ಎಂದಳು.

‘ನಿಜ’ ಎಂದೆ.

‘ಮಧ್ಯದಲ್ಲಿ ಗಾಳಿ ಕೈಕೊಟ್ಟರೆ?’

ಅಷ್ಟರಲ್ಲಿ ಕೆಳಗಿನಿಂದ ಅವಳ ತಂದೆಯ ದನಿ ಬಂತು: ‘ಮೊದಲು ಸಿಇಟಿಗೆ ಓದು, ಆಮೇಲೆ ವಿಮಾನ.’ ಹುಡುಗಿ ಇಳಿದು ಹೋದಳು. ಆದರೆ ಅವಳ ಎರಡನೇ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗ್ಲೈಡರ್ ಹಾರಿಸುವವರ ವಿದ್ಯೆಯೆಲ್ಲ ಆ ಒಂದು ಪ್ರಶ್ನೆಯಲ್ಲೇ ಇದೆ. ಮಧ್ಯದಲ್ಲಿ ಗಾಳಿ ಕೈಕೊಟ್ಟರೆ?

ಮರುದಿನ ಅಟ್ಲಾಸು, ಕೈವಾರ, ಅಳತೆಪಟ್ಟಿ ಹಿಡಿದು ಕೂತೆವು. ‘ಸಿಇಟಿಯ ಭೌತಶಾಸ್ತ್ರವೇ ಕಣಯ್ಯ ಇದು’ ಎಂದು ಹೇಳಿ ತಂದೆಯನ್ನೂ ಕೂರಿಸಿಕೊಂಡೆ. ಆ ದಿನ ನಾವು ಮೂವರೂ ಕಾಗದದ ಮೇಲೆ ಹಾರಿದ ಹಾರಾಟದ ಕಥೆ ಇದು.

ಹದ್ದಿನ ಗುಟ್ಟು

ಬಿಸಿಲಿಗೆ ಎಲ್ಲ ನೆಲವೂ ಒಂದೇ ಸಮನೆ ಕಾಯುವುದಿಲ್ಲ. ಕೆರೆಯ ನೀರು, ಮರಗಳ ತೋಪು ನಿಧಾನ. ತಗಡು, ಕಾಂಕ್ರೀಟು, ಬಂಡೆ, ಉತ್ತ ಹೊಲ ಬೇಗ. ಹೀಗೆ ಕಾದ ಜಾಗದ ಮೇಲಿನ ಗಾಳಿ ಹಗುರಾಗಿ, ಕಂಬದಂತೆ ಮೇಲೇಳುತ್ತದೆ. ಇದಕ್ಕೆ ಥರ್ಮಲ್ ಎಂದು ಹೆಸರು. ಹದ್ದು ಆ ಕಂಬದೊಳಗೇ ಸುತ್ತುತ್ತದೆ. ಹದ್ದು ಗಾಳಿಯಲ್ಲಿ ಕೆಳಗೆ ಜಾರುತ್ತಲೇ ಇರುತ್ತದೆ. ಆದರೆ ಗಾಳಿ ಅದಕ್ಕಿಂತ ಜೋರಾಗಿ ಮೇಲೇರುತ್ತಿರುತ್ತದೆ. ಏರುತ್ತಿರುವ ಎಸ್ಕಲೇಟರಿನಲ್ಲಿ ಒಬ್ಬರು ನಿಧಾನವಾಗಿ ಮೆಟ್ಟಿಲಿಳಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಗ್ಲೈಡರ್ ಮಾಡುವುದೂ ಇದನ್ನೇ. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದು ಮೇಲೆ ಬಿಡುತ್ತದೆ, ಇಲ್ಲವೇ ನೆಲದ ಮೇಲಿನ ರಾಟೆಯಂತ್ರ ಎಳೆದು ಎಸೆಯುತ್ತದೆ. ಆಮೇಲೆ ಥರ್ಮಲ್ ಹುಡುಕಿ ಏರುವುದು, ಎತ್ತರವನ್ನು ಖರ್ಚು ಮಾಡುತ್ತಾ ಮುಂದಕ್ಕೆ ಜಾರುವುದು, ಮತ್ತೊಂದು ಥರ್ಮಲ್ ಹುಡುಕುವುದು. ಎತ್ತರವೇ ಇಲ್ಲಿ ಜೇಬಿನ ದುಡ್ಡು.

ಹದ್ದುಗಳು ಈ ವಿದ್ಯೆಯಲ್ಲಿ ಎಷ್ಟು ಪಳಗಿವೆ ಎಂದರೆ, ದೆಹಲಿಯಲ್ಲಿ ಚಳಿಗಾಲ ಕಳೆಯುವ ವಲಸೆ ಹದ್ದುಗಳಿಗೆ ನಮ್ಮ ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಪುಟ್ಟ ಯಂತ್ರ ಕಟ್ಟಿ ನೋಡಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಹಕ್ಕಿಗಳು ಕಾರಕೋರಂ ಶ್ರೇಣಿಯನ್ನು 6,000 ಮೀಟರಿಗೂ ಎತ್ತರದಲ್ಲಿ ದಾಟಿ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಧ್ಯ ಏಷ್ಯಾ ಸೇರುತ್ತವೆ! ನಮ್ಮ ತಾರಸಿಯ ಮೇಲಿನದು ಇಲ್ಲಿಯ ನಿವಾಸಿಯೇ ಇರಬಹುದು. ಆದರೆ ಮರುಭೂಮಿ ಬೆಟ್ಟಗಳನ್ನು ದಾಟುವ ಅದರ ದಾಯಾದಿಗಳೂ ಇದೇ ಕಸುಬಿನವು.

ಬೆಂಗಳೂರಿಗೂ ಗ್ಲೈಡರಿಗೂ ಹಳೆಯ ನಂಟಿದೆ. 1940ರಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭವಾಯಿತು. ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಡಾ. ವಿ.ಎಂ. ಘಾಟಗೆ ಅವರು ಹತ್ತು ಆಸನಗಳ ಒಂದು ಗ್ಲೈಡರನ್ನು ವಿನ್ಯಾಸ ಮಾಡಿದರು. 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನ ಅವರದ್ದೇ ಕಾಣಿಕೆ. ಮುಂದೆ ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆ ತಾನು ರೂಪಿಸಿದ ಗ್ಲೈಡರುಗಳಿಗೆ ಇಟ್ಟ ಹೆಸರು ಕೇಳಿ: ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ. ನಮ್ಮ ರೈತರು ಮಳೆ ಎಣಿಸುವ ನಕ್ಷತ್ರಗಳೇ! ಆಕಾಶ ನೋಡಿ ಯೋಜನೆ ಹಾಕುವ ಇಬ್ಬರಿಗೂ ಒಂದೇ ಪಂಚಾಂಗ.

ಆದರೆ ಬೆಂಗಳೂರಿನ ಮೇಲೆ 500 ಕಿ.ಮೀ. ಹಾರಾಟದ ಯೋಜನೆ ಹಾಕುವುದು ಸುಲಭವಲ್ಲ. ದೇವನಹಳ್ಳಿ, ಯಲಹಂಕ, ಎಚ್‌ಎಎಲ್, ಜಕ್ಕೂರು ಹೀಗೆ ಸುತ್ತಲೂ ವಿಮಾನ ನಿಲ್ದಾಣಗಳು. ಆಕಾಶದಲ್ಲೂ ಮೆಜೆಸ್ಟಿಕ್‌ನಷ್ಟೇ ಗದ್ದಲ. ಅದಕ್ಕೇ ನಮ್ಮ ಅಟ್ಲಾಸು ಅಮೆರಿಕದ ಪುಟಕ್ಕೆ ತೆರೆಯಿತು.

ಆಗುಂಬೆ ಮತ್ತು ಚಳ್ಳಕೆರೆ

ಕ್ಯಾಲಿಫೋರ್ನಿಯಾದಲ್ಲಿ ಓವೆನ್ಸ್ ಕಣಿವೆ ಎಂಬುದೊಂದಿದೆ. ಪಶ್ಚಿಮಕ್ಕೆ ಸಿಯೆರಾ ನೆವಾಡ ಪರ್ವತಗಳು; ಅಲ್ಲಿಯ ವಿಟ್ನಿ ಶಿಖರ 4,421 ಮೀಟರ್. ಪೂರ್ವಕ್ಕೆ ವೈಟ್ ಪರ್ವತಗಳು. ತುದಿ 4,344 ಮೀಟರ್. ನಡುವೆ ಬಿಷಪ್ ಎಂಬ ಪಟ್ಟಣ, ಸಮುದ್ರಮಟ್ಟದಿಂದ ಸುಮಾರು 1,260 ಮೀಟರ್. ಆಚೆ ನೆವಾಡ ರಾಜ್ಯದ ತುಂಬ ಉತ್ತರ ದಕ್ಷಿಣವಾಗಿ ಮಲಗಿದ ಬೆಟ್ಟಸಾಲುಗಳು, ಅವುಗಳ ನಡುವೆ ಒಣ ಕಣಿವೆಗಳು. ಉಳುಮೆ ಮಾಡಿದ ಹೊಲದ ದಿಂಡು ಮತ್ತು ಸಾಲುಗಳಂತೆ.

ಇಲ್ಲೇಕೆ ಮರುಭೂಮಿಯಾಯಿತು? ಕನ್ನಡದ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಅರಬ್ಬೀ ಸಮುದ್ರದ ಮೋಡ ಆಗುಂಬೆಯಲ್ಲಿ ಸುರಿದು ಬರಿದಾಗುತ್ತದೆ. ಘಟ್ಟ ದಾಟಿ ದೂರದ ಚಳ್ಳಕೆರೆಗೆ ಬರುವಾಗ ಕೊಡ ಖಾಲಿ. ಪೆಸಿಫಿಕ್ ಸಾಗರದ ಮೋಡಕ್ಕೆ ಸಿಯೆರಾ ಪರ್ವತವೇ ಆಗುಂಬೆ, ನೆವಾಡವೇ ಚಳ್ಳಕೆರೆ. ಬೇಸಿಗೆಯಲ್ಲಿ ಗ್ಲೈಡರ್ ಮಂದಿ ಇಲ್ಲಿಗೆ ಬರುವುದು ಈ ಒಣಗಾಳಿಗಾಗಿಯೇ.

ಮೊದಲ ಲೆಕ್ಕ: ಎಷ್ಟು ಎತ್ತರ?

ಮೇಲೇರುವ ಗಾಳಿ 100 ಮೀಟರಿಗೆ 1 ಡಿಗ್ರಿಯಂತೆ ತಣಿಯುತ್ತದೆ. ತಣಿದು ತಣಿದು ಅದರಲ್ಲಿರುವ ತೇವ ಹನಿಗಟ್ಟುವಲ್ಲಿ ಮೋಡ. ನೆಲದ ಉಷ್ಣಾಂಶಕ್ಕೂ ಇಬ್ಬನಿ ಕಟ್ಟುವ ಉಷ್ಣಾಂಶಕ್ಕೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಮೇಲಿದೆ ಎಂದು ಹೆಚ್ಚುಕಡಿಮೆ ತಿಳಿಯುತ್ತದೆ.

ಬೆಂಗಳೂರಿನ ಒಂದು ಬೇಸಿಗೆ ಮಧ್ಯಾಹ್ನ 34 ಡಿಗ್ರಿ, ಇಬ್ಬನಿ ಬಿಂದು 18 ಎಂದುಕೊಳ್ಳಿ. ಅಂತರ 16. ಮೋಡದ ತಳ 2,000 ಮೀಟರ್. ಬಿಷಪ್‌ನಲ್ಲಿ 36 ಡಿಗ್ರಿ, ಇಬ್ಬನಿ ಬಿಂದು ಬರೀ 4 ಎಂದಾದರೆ ಅಂತರ 32. ಮೋಡದ ತಳ 4,000 ಮೀಟರ್! ಎರಡೂ ಕಡೆ ಸೆಕೆ ಒಂದೇ, ಜೇಬಿನ ದುಡ್ಡು ಮಾತ್ರ ಎರಡು ಪಟ್ಟು. ಹುಡುಗಿ ತಾನೇ ಗುಣಿಸಿ ನೋಡಿ ‘ಓಹೋ’ ಎಂದಳು.

ತಂದೆಗೆ ಇನ್ನೊಂದು ಲೆಕ್ಕ ಹೊಳೆಯಿತು. ‘ನೂರು ಮೀಟರಿಗೆ ಒಂದು ಡಿಗ್ರಿ ಅಂದರೆ, 5,000 ಮೀಟರಿನಲ್ಲಿ ಮೈನಸ್ ಒಂದಲ್ಲವೇ?’ ಹೌದು. ನೆಲದಲ್ಲಿ ಬೆವರು, ಮೇಲೆ ಮಂಜು. ಆದ್ದರಿಂದ ಮರುಭೂಮಿಗೆ ಹೊರಟವರ ಚೀಲದಲ್ಲಿ ಉಣ್ಣೆ ಅಂಗಿ ಇರಬೇಕು. ಆಮ್ಲಜನಕವೂ ಬೇಕು. ಅಮೆರಿಕದ ನಿಯಮದಂತೆ ಸುಮಾರು 3,800 ಮೀಟರ್ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಇರುವ ಪೈಲಟ್ ಆಮ್ಲಜನಕ ಬಳಸಲೇಬೇಕು. ಸುಮಾರು 4,270 ಮೀಟರ್ ದಾಟಿದರೆ ಇಡೀ ಹೊತ್ತೂ. ಆಮ್ಲಜನಕದ ಕೊರತೆಯ ಕೆಟ್ಟ ಗುಣವೆಂದರೆ, ಬುದ್ಧಿ ಮಂಕಾಗುತ್ತಿರುವುದು ಮಂಕಾದ ಬುದ್ಧಿಗೆ ಗೊತ್ತಾಗುವುದಿಲ್ಲ!

ಎರಡನೇ ಲೆಕ್ಕ: ಎಷ್ಟು ಹೊತ್ತು?

ನಮ್ಮ ಕಾಗದದ ಗ್ಲೈಡರ್ ಗಂಟೆಗೆ 120 ಕಿ.ಮೀ. ವೇಗದಲ್ಲಿ ಜಾರುತ್ತದೆ. ಆ 120 ಕಿ.ಮೀ.ಗೆ 4,000 ಮೀಟರ್ ಎತ್ತರ ಖರ್ಚು. ಆ ಎತ್ತರವನ್ನು ಮತ್ತೆ ಸಂಪಾದಿಸಬೇಕಲ್ಲ? ಥರ್ಮಲ್ ಸೆಕೆಂಡಿಗೆ 2 ಮೀಟರಿನಂತೆ ಏರಿಸಿದರೆ 33 ನಿಮಿಷ ಬೇಕು. ಅಂದರೆ 120 ಕಿ.ಮೀ.ಗೆ ಒಟ್ಟು 93 ನಿಮಿಷ; ಸರಾಸರಿ ಗಂಟೆಗೆ 77 ಕಿ.ಮೀ. ಸೆಕೆಂಡಿಗೆ 3 ಮೀಟರಿನಂತೆ ಏರಿಸಿದರೆ 22 ನಿಮಿಷ ಸಾಕು. ಸರಾಸರಿ 88 ಕಿ.ಮೀ.

ಅಂತರರಾಷ್ಟ್ರೀಯ ವಿಮಾನಕ್ರೀಡಾ ಒಕ್ಕೂಟ ಗ್ಲೈಡರ್ ಪೈಲಟ್‌ಗಳಿಗೆ ಪದಕದ ಮೆಟ್ಟಿಲುಗಳನ್ನು ಇಟ್ಟಿದೆ. ಬೆಳ್ಳಿಗೆ 50 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ರಾಮನಗರ. ಚಿನ್ನಕ್ಕೆ 300, ಆಕಾಶಮಾರ್ಗದಲ್ಲಿ ಮಂಗಳೂರಿನಷ್ಟು. ವಜ್ರಕ್ಕೆ 500, ರಸ್ತೆಯಲ್ಲಿ ಬೆಳಗಾವಿಯಷ್ಟು. ನಾವು ವಜ್ರಕ್ಕೇ ಕೈ ಹಾಕಿದೆವು. ಬಿಷಪ್‌ನಿಂದ ಉತ್ತರಕ್ಕೆ 250 ಕಿ.ಮೀ. ಹೋಗಿ, ಅಷ್ಟೇ ದೂರ ಹಿಂದಿರುಗುವುದು. ಬೆಳಗಿನ ಬಿಸಿಲು ಬೆಟ್ಟದ ಪೂರ್ವದ ಇಳಿಜಾರನ್ನು ಕಾಯಿಸುತ್ತದೆ, ಮಧ್ಯಾಹ್ನದ್ದು ಪಶ್ಚಿಮದ್ದನ್ನು. ಆದ್ದರಿಂದ ದಾರಿಯನ್ನೂ ಸೂರ್ಯನ ಸಂಗಡವೇ ಬದಲಿಸಬೇಕು.

ಹನ್ನೆರಡಕ್ಕೆ ಹೊರಟರೆ? 88ರ ವೇಗದಲ್ಲಿ ಸಂಜೆ 5 ಗಂಟೆ 42 ನಿಮಿಷಕ್ಕೆ ವಾಪಸು. 77ರ ವೇಗದಲ್ಲಿ 6 ಗಂಟೆ 29 ನಿಮಿಷಕ್ಕೆ. ಆದರೆ ಆರರ ಹೊತ್ತಿಗೆ ನೆಲ ತಣಿದು ಥರ್ಮಲ್ ಅಂಗಡಿ ಬಾಗಿಲು ಹಾಕುತ್ತಿರುತ್ತದೆ. ಸೆಕೆಂಡಿಗೆ ಒಂದೇ ಒಂದು ಮೀಟರಿನ ವ್ಯತ್ಯಾಸ ಮನೆಗೂ ಮರುಭೂಮಿಗೂ ನಡುವಿನ ವ್ಯತ್ಯಾಸವಾಗಿ ಬಿಡುತ್ತದೆ!

ಅದಕ್ಕೇ ಹೊರಡುವ ಮೊದಲೇ ಕಾಗದದ ಮೇಲೆ ಒಂದು ಸಾಲು ಬರೆಯಬೇಕು: ‘ಮೂರು ಗಂಟೆ ಹೊಡೆದಾಗ ಎಲ್ಲಿದ್ದರೂ ಸರಿ, ಹಿಂದಿರುಗು.’ ಮೇಲೆ ಹೋದ ಮೇಲೆ ಇದನ್ನು ತೀರ್ಮಾನಿಸಲಾಗದು. ಆಗ ಆಸೆ ಮಾತಾಡುತ್ತದೆ, ‘ಇನ್ನು ಹತ್ತೇ ಕಿಲೋಮೀಟರ್’ ಎನ್ನುತ್ತದೆ. ಕೆಳಗೆ, ಮೇಜಿನ ಮುಂದೆ, ಕಾಫಿ ಕುಡಿಯುತ್ತಾ ಇರುವಾಗಿನ ಬುದ್ಧಿಯೇ ನಮ್ಮ ನಿಜವಾದ ಬುದ್ಧಿ.

ಮೂರನೇ ಲೆಕ್ಕ: ಎಲ್ಲಿ ಇಳಿಯುವುದು?

ಈಗ ಹುಡುಗಿಯ ಪ್ರಶ್ನೆ. ಗಾಳಿ ಕೈಕೊಟ್ಟರೆ? ಗ್ಲೈಡರ್ ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತದೆ. ನಮ್ಮದು ಒಂದು ಮೀಟರ್ ಇಳಿಯುವಷ್ಟರಲ್ಲಿ 30 ಮೀಟರ್ ಮುಂದೆ ಹೋಗಬಲ್ಲದು. ಆದರೆ ಎದುರುಗಾಳಿ ಇರಬಹುದು. ಏರುವ ಗಾಳಿಯ ಪಕ್ಕದಲ್ಲೇ ಇಳಿಯುವ ಗಾಳಿಯೂ ಇರುತ್ತದೆ. ಜಾಣ ಪೈಲಟ್ 30ನ್ನು ನಂಬುವುದಿಲ್ಲ. ಅರ್ಧಕ್ಕೆ, ಅಂದರೆ 15ಕ್ಕೆ ಇಳಿಸುತ್ತಾನೆ. ಮೈದಾನ ನೋಡಿ, ಸುತ್ತು ಹಾಕಿ ಇಳಿಯಲು 300 ಮೀಟರ್ ಮೀಸಲು. ಹಾಗಾದರೆ ಇಳಿದಾಣಕ್ಕಿಂತ 2,300 ಮೀಟರ್ ಎತ್ತರದಲ್ಲಿರುವವನ ಕೈಯಳತೆ 2,000 ಗುಣಿಸು 15, ಅಂದರೆ 30 ಕಿ.ಮೀ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಗ್ಲೈಡರ್ ನೋಡಿ ಅಲ್ಲವಾದರೂ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಭೂಪಟ ಐದು ಲಕ್ಷಕ್ಕೆ ಒಂದರ ಅಳತೆಯದ್ದಾದರೆ 30 ಕಿ.ಮೀ. ಎಂದರೆ 6 ಸೆಂಟಿಮೀಟರ್. ಕೈವಾರವನ್ನು 6 ಸೆಂ.ಮೀ.ಗೆ ತೆರೆದು, ದಾರಿಯ ಅಕ್ಕಪಕ್ಕದಲ್ಲಿ ಇಳಿಯಬಹುದಾದ ಪ್ರತಿಯೊಂದು ಜಾಗದ ಸುತ್ತ ವೃತ್ತ ಎಳೆಯಿರಿ. ಸಣ್ಣ ವಿಮಾನಪಟ್ಟಿ, ಹುಲ್ಲುಗಾವಲು, ಒಣಗಿದ ಸರೋವರದ ತಳ. ಈ ಒಣಕೆರೆಗಳ ವಿಷಯದಲ್ಲಿ ಎಚ್ಚರ ಬೇಕು. ಮೇಲೆ ಹಪ್ಪಳದಂತೆ ಗಟ್ಟಿ ಕಂಡು ಕೆಳಗೆ ಕೆಸರಿರುವುದುಂಟು. ಮೊದಲೇ ವಿಚಾರಿಸಿರಬೇಕು. ವೃತ್ತಗಳು ಒಂದನ್ನೊಂದು ಕೂಡಿಕೊಂಡಲ್ಲಿ ದಾರಿ ಸುರಕ್ಷಿತ. ಎರಡು ವೃತ್ತಗಳ ನಡುವೆ ಬಿಳಿ ಜಾಗ ಉಳಿದರೆ, ‘ಈ ಕಣಿವೆ ದಾಟಲು ಇನ್ನಷ್ಟು ಎತ್ತರ ಕೈಲಿರಬೇಕು, ಇಲ್ಲದಿದ್ದರೆ ಈ ಬೆಟ್ಟದಲ್ಲೇ ಕಾಯಬೇಕು’ ಎಂದು ಬರೆದಿಡಬೇಕು.

ಗಮನಿಸಿ, ಇಲ್ಲಿ ಯೋಜನೆ ಎಂದರೆ ‘ಹೀಗೇ ಹೋಗುತ್ತೇನೆ’ ಎಂಬ ಶಪಥವಲ್ಲ. ಪ್ರತಿ ಹಂತದಲ್ಲೂ ‘ಆಗದಿದ್ದರೆ ಎಲ್ಲಿ ಇಳಿಯುತ್ತೇನೆ’ ಎಂಬ ಉತ್ತರ. ಗುರಿ ತಲುಪದೆ ಹೊಲದಲ್ಲಿ ಇಳಿಯುವುದು ಈ ಕ್ರೀಡೆಯಲ್ಲಿ ಅವಮಾನವಲ್ಲ, ಅದು ಕ್ರೀಡೆಯ ಭಾಗ. ದೊಡ್ಡ ದೊಡ್ಡ ಪೈಲಟ್‌ಗಳೂ ಇಳಿದಿದ್ದಾರೆ. ಗ್ಲೈಡರನ್ನು ಬಿಚ್ಚಿ ತುಂಬಿಕೊಂಡು ಬರಲು ಉದ್ದನೆಯ ಗಾಡಿ ಎಳೆದುಕೊಂಡು ಒಂದು ಕಾರು ರಸ್ತೆಯಲ್ಲಿ ಕಾಯುತ್ತಿರುತ್ತದೆ.

ಹೇಳದೆ ಹೋದವರು

ಇದೇ ಸೀಮೆಯ ಒಂದು ದುಃಖದ ಕಥೆಯನ್ನೂ ಹೇಳಬೇಕು. ಸ್ಟೀವ್ ಫಾಸೆಟ್ ಎಂಬ ಅಮೆರಿಕದ ಸಾಹಸಿ 2002ರಲ್ಲಿ ಒಬ್ಬನೇ ಬಲೂನಿನಲ್ಲಿ ಭೂಮಿಯನ್ನು ಸುತ್ತಿದ್ದ. 2005ರಲ್ಲಿ ಎಲ್ಲೂ ನಿಲ್ಲದೆ, ಇಂಧನ ತುಂಬಿಸದೆ ಒಬ್ಬನೇ ವಿಮಾನದಲ್ಲಿ ಸುತ್ತಿದ್ದ. 2006ರ ಆಗಸ್ಟ್‌ನಲ್ಲಿ ಐನಾರ್ ಎನೆವೋಲ್ಡ್‌ಸನ್ ಜೊತೆ ಅರ್ಜೆಂಟೀನಾದ ಪರ್ವತಗಳ ಮೇಲೆ ಗ್ಲೈಡರಿನಲ್ಲಿ 15,460 ಮೀಟರ್ ಏರಿ ಆಗಿನ ವಿಶ್ವದಾಖಲೆ ಮಾಡಿದ್ದ. ಇಂಥವನು 2007ರ ಸೆಪ್ಟೆಂಬರ್ 3ರಂದು ನೆವಾಡದ ಒಂದು ಹಳ್ಳಿಗಾಡಿನ ವಿಮಾನಪಟ್ಟಿಯಿಂದ ಎಂಜಿನ್ ಇರುವ ಪುಟ್ಟ ವಿಮಾನದಲ್ಲಿ ಸುಮ್ಮನೆ ಒಂದು ಸುತ್ತು ಹೋಗಿ ಬರಲು ಹೊರಟ. ಎಲ್ಲಿಗೆ, ಯಾವ ದಾರಿಯಲ್ಲಿ ಎಂದು ಬರೆದು ಕೊಟ್ಟಿರಲಿಲ್ಲ.

ಆತ ಹಿಂದಿರುಗಲಿಲ್ಲ. ವಿಮಾನಗಳು ವಾರಗಟ್ಟಲೆ ಹುಡುಕಿದವು. ಎಲ್ಲಿ ಹುಡುಕುವುದು? ಉತ್ತರವೇ ಇಲ್ಲದೆ ಹುಡುಕುವ ಪ್ರದೇಶ ಬೆಳೆಯುತ್ತಲೇ ಹೋಯಿತು. ವರ್ಷ ಕಳೆದ ಮೇಲೆ, 2008ರಲ್ಲಿ, ಚಾರಣಕ್ಕೆ ಹೋದವನೊಬ್ಬನಿಗೆ ಸಿಯೆರಾ ಪರ್ವತದ ಮ್ಯಾಮತ್ ಲೇಕ್ಸ್ ಬಳಿ ಫಾಸೆಟ್‌ನ ಗುರುತಿನ ಚೀಟಿಗಳು ಸಿಕ್ಕವು. ಅವಶೇಷಗಳು ಅಲ್ಲೇ ಸಮೀಪದಲ್ಲಿದ್ದವು. ಪರ್ವತದ ಇಳಿಗಾಳಿ ಆ ವಿಮಾನದ ಏರುವ ಶಕ್ತಿಯನ್ನು ಮೀರಿತ್ತು ಎಂದು ತನಿಖೆ ಹೇಳಿತು. ಹೇಳಿ ಹೋಗಿದ್ದರೆ ಬದುಕುತ್ತಿದ್ದನೆಂದು ಅಲ್ಲ. ಆದರೆ ಮನೆಯವರು ಒಂದು ವರ್ಷ ಬಾಗಿಲು ನೋಡುತ್ತಾ ಕೂರಬೇಕಿರಲಿಲ್ಲ.

ಇದನ್ನು ಹೇಳಿ ಮುಗಿಸಿದಾಗ ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಗ ನಾನು ಅಟ್ಲಾಸು ಮುಚ್ಚಿ, ಯಾರಿಗೂ ಹೇಳದ ನನ್ನದೇ ಒಂದು ಕಥೆ ಹೇಳಿದೆ.

ಕೆಂಗೇರಿ ಸ್ಟೇಷನ್ನಿನ ಬೆಂಚು

1978ರಲ್ಲಿ ನಾನು ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾದೆ. ಮುಂದೆ ಅದೇ ಗಣಿತವನ್ನು ಮೂವತ್ತು ವರ್ಷ ಪಾಠ ಮಾಡಿದೆ ಎಂಬುದು ಬೇರೆ ಮಾತು. ಅಂದು ಮಾತ್ರ ಮನೆಗೆ ಹೋಗುವ ಧೈರ್ಯವಿರಲಿಲ್ಲ. ಬಸ್ಸು ಹತ್ತಿ ಕೆಂಗೇರಿ ರೈಲು ನಿಲ್ದಾಣಕ್ಕೆ ಹೋಗಿ, ಬೆಂಚಿನ ಮೇಲೆ ಕೂತೆ. ಮೈಸೂರಿನ ಗಾಡಿಗಳು ಬಂದವು, ಹೋದವು. ಕತ್ತಲಾಯಿತು. ತಲೆಯಲ್ಲಿ ಒಳ್ಳೆಯ ಯೋಚನೆಗಳಿರಲಿಲ್ಲ. ನನ್ನ ಭೂಪಟದಲ್ಲಿ ಪಾಸು ಎಂಬ ಒಂದೇ ಊರಿತ್ತು. ಅದರ ಸುತ್ತ ಇಳಿಯುವ ಜಾಗ ಒಂದೂ ಇರಲಿಲ್ಲ.

ರಾತ್ರಿ ಒಂಬತ್ತರ ಸುಮಾರಿಗೆ ಸೈಕಲ್ಲಿನ ಗಂಟೆ ಕೇಳಿಸಿತು. ಅಪ್ಪ! ಕಾರ್ಖಾನೆಯ ಪಾಳಿ ಮುಗಿಸಿ, ರಾಜಾಜಿನಗರದಿಂದ ತುಳಿದುಕೊಂಡು ಬಂದಿದ್ದರು. ಮನೆಯಲ್ಲಿ ಫೋನಿಲ್ಲದ ಕಾಲ. ಅವರಿಗೆ ಹೇಗೆ ಗೊತ್ತಾಯಿತು? ಬಸ್ ಹತ್ತುವಾಗ ಗೆಳೆಯನೊಬ್ಬನಿಗೆ ‘ಕೆಂಗೇರಿಗೆ ಹೋಗಿ ರೈಲು ನೋಡ್ತೀನಿ’ ಎಂದು ಒಂದು ಮಾತು ಹೇಳಿದ್ದೆ. ಆ ಒಂದು ಮಾತು ನನ್ನನ್ನು ಉಳಿಸಿತು ಎಂದು ಇವತ್ತಿಗೂ ಅನ್ನಿಸುತ್ತದೆ.

ಅಪ್ಪ ಅಂಕಪಟ್ಟಿ ಕೇಳಲಿಲ್ಲ. ‘ಊಟ ಆಯ್ತಾ?’ ಎಂದರು. ಇಲ್ಲವೆಂದೆ. ‘ಹತ್ತು’ ಎಂದರು. ಹಿಂದಿನ ಕ್ಯಾರಿಯರ್ ಮೇಲೆ ಕೂತು ಮೈಸೂರು ರಸ್ತೆಯುದ್ದಕ್ಕೂ ಅವರ ಬೆವರಿದ ಬೆನ್ನು ನೋಡುತ್ತಾ ಬಂದೆ. ಹೊಲದಲ್ಲಿ ಇಳಿದ ಗ್ಲೈಡರನ್ನು ತರಲು ಬಂದ ಕಾರಿನವನು ‘ಯಾಕೆ ಇಳಿದೆ?’ ಎಂದು ಮೊದಲು ಕೇಳುವುದಿಲ್ಲ. ‘ಪೆಟ್ಟಾಯಿತಾ? ನೀರು ಬೇಕಾ?’ ಎನ್ನುತ್ತಾನೆ. ತಪ್ಪು ಎಲ್ಲಾಯಿತು ಎಂಬ ಲೆಕ್ಕಕ್ಕೆ ಮರುದಿನ ಬೆಳಗ್ಗೆ ಬೇಕಾದಷ್ಟು ಹೊತ್ತಿದೆ.

ಹುಡುಗಿಯ ತಂದೆ ಏನೂ ಮಾತಾಡಲಿಲ್ಲ. ಮಗಳ ನೋಟ್‌ಬುಕ್ ತೆಗೆದುಕೊಂಡು ಖಾಲಿ ಹಾಳೆ ತಿರುಗಿಸಿದರು. ಮೇಲೆ ‘ಏರೋನಾಟಿಕಲ್’ ಎಂದು ಬರೆದರು. ಅದು ಅವಳ ಆಸೆ. ಅದರ ಕೆಳಗೆ ಇಬ್ಬರೂ ಸೇರಿ ವೃತ್ತಗಳನ್ನು ಎಳೆಯತೊಡಗಿದರು. ಮೆಕ್ಯಾನಿಕಲ್ ಒಂದು ವೃತ್ತ. ಭೌತಶಾಸ್ತ್ರದ ಬಿ.ಎಸ್ಸಿ. ಒಂದು ವೃತ್ತ. ಡಿಪ್ಲೊಮಾ ಮಾಡಿ ಅಲ್ಲಿಂದ ಎಂಜಿನಿಯರಿಂಗ್ ಸೇರುವುದು ಒಂದು ವೃತ್ತ. ಒಂದು ವರ್ಷ ನಿಂತು ಮತ್ತೆ ಬರೆಯುವುದು ಇನ್ನೊಂದು. ವೃತ್ತಗಳು ಒಂದಕ್ಕೊಂದು ಕೂಡಿಕೊಂಡವು. ಹುಡುಗಿಯ ಮುಖ ಸ್ವಲ್ಪ ಹಗುರಾಯಿತು. ವಿಚಿತ್ರವೆಂದರೆ, ಇಳಿಯುವ ಜಾಗ ಗೊತ್ತಾದ ಮೇಲೆ ಅವಳು ಓದಿಗೆ ಇನ್ನೂ ಗಟ್ಟಿಯಾಗಿ ಕೂತಳು.

ವಿದ್ಯಾರ್ಥಿ ಮಿತ್ರರೇ, ಈ ಭಾನುವಾರ ಒಂದು ಭೂಪಟ, ಒಂದು ಕೈವಾರ ತೆಗೆದುಕೊಳ್ಳಿ. ಕೆಂಗೇರಿಯಿಂದ ಚಿತ್ರದುರ್ಗಕ್ಕೆ ಕಾಗದದ ಗ್ಲೈಡರಿನಲ್ಲಿ ಹೋಗುವ ದಾರಿ ಹಾಕಿ. ಇಳಿಯುವ ಜಾಗಗಳಿಗೆ ವೃತ್ತ ಎಳೆಯಿರಿ, ಹಿಂದಿರುಗುವ ಗಂಟೆ ಬರೆಯಿರಿ. ಮುಗಿದ ಮೇಲೆ ಅದನ್ನು ಮನೆಯಲ್ಲಿ ಒಬ್ಬರಿಗೆ ತೋರಿಸಿ.

ತಂದೆ ತಾಯಂದಿರೇ, ತೋರಿಸಿದಾಗ ದಯವಿಟ್ಟು ನೋಡಿ. ಸೈಕಲ್ಲಿಗೆ ಗಾಳಿ ಹಾಕಿಸಿಟ್ಟಿರಿ.